ಜೊತೆಗಿರುವವರ ಹೆಸರು

ತೀರ್ಥಹಳ್ಳಿ
12 ಜೂನ್ 2024

ಗಣೇಶಮೂರ್ತಿ,

ಕಾಗದದ ಮೊದಲಿಗೆ ಕ್ಷೇಮ ಎಂದು ಬರೆಯಬೇಕಲ್ಲ, ಬರೆಯುತ್ತೇನೆ: ತಲೆಯಿಂದ ತೊಡೆಯವರೆಗೆ ಕ್ಷೇಮ. ಅಲ್ಲಿಂದ ಕೆಳಗಿನ ವಿಚಾರಕ್ಕೇ ಈ ಕಾಗದ.

ಏಳು ವರ್ಷದ ಮೇಲೆ ಇವನದ್ದೇನು ಎಂದು ನೀನು ಹೆಂಡತಿ ಸರೋಜಳ ಹತ್ತಿರ ಹೇಳುತ್ತಿರಬಹುದು. ನಿನ್ನ ಫೋನ್ ನಂಬರು ನನ್ನಲ್ಲಿದೆ. ಆದರೆ ನೀನು ‘ಹಲೋ’ ಎಂದ ಕೂಡಲೇ ನಾನು ಜಗಳ ತೆಗೆಯುತ್ತೇನೆ. ಕಾಗದವಾದರೆ ಬರೆದು, ಮಡಚಿ, ಅಂಟು ಹಚ್ಚಿ, ಅಂಚೆ ಡಬ್ಬದವರೆಗೆ ಕುಂಟಿಕೊಂಡು ಹೋಗುವಷ್ಟರಲ್ಲಿ ಸಿಟ್ಟು ಇಳಿದಿರುತ್ತದೆ. ಹೊಸನಗರದ ಆಟ ಮುಗಿದ ಬೆಳಿಗ್ಗೆ ಬಣ್ಣ ಹಚ್ಚುವ ಚೌಕಿಯಲ್ಲಿ ನಿನ್ನ ಪೆಟ್ಟಿಗೆಯೂ ಇಲ್ಲ, ನೀನೂ ಇಲ್ಲ. ಜೋಡಿ ವೇಷದವನು ಒಂದು ಮಾತು ಹೇಳದೆ ಮೇಳ ಬಿಟ್ಟು ಹೋದರೆ ಉಳಿದವನು ಯಾರ ಜೊತೆ ಕುಣಿಯಬೇಕು? ನೋಡು, ಜಗಳ ಶುರುವಾಯಿತು. ಬಿಡುತ್ತೇನೆ.

ವಿಷಯ ನನ್ನ ಬಲಗಾಲಿನ ಮಂಡಿ. ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ಡಾಕ್ಟರಿಗೆ ಹೇಳುವುದಕ್ಕೆ ಅಭ್ಯಾಸ ಆಗಲಿ. ಯಕ್ಷಗಾನದಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಪುಂಡುವೇಷ ಕಟ್ಟಿದೆ, ಮೀಸೆ ಬಾರದ ರಾಜಕುಮಾರನ ವೇಷ. ಎರಡೂ ಮಂಡಿಯನ್ನು ನೆಲಕ್ಕೂರಿ ಬುಗುರಿಯ ಹಾಗೆ ರಂಗಸ್ಥಳವನ್ನು ಸುತ್ತುವುದು ಆ ವೇಷದ ವಿಶೇಷ. ಜನ ಸೀಟಿ ಹೊಡೆದರೆ ಇನ್ನೊಂದು ಸುತ್ತು, ಹೊಡೆಯದಿದ್ದರೆ ಹೊಡೆಯಲಿ ಎಂದು ಮತ್ತೊಂದು ಸುತ್ತು. ಹೋದ ತಿರುಗಾಟದಲ್ಲಿ ನನಗೆ ಕೊಟ್ಟದ್ದು ಸಿಂಹಾಸನದಿಂದ ಏಳದ ರಾಜನ ಪಾತ್ರ.

ಕಾಲಿಗೆ ಗೆಜ್ಜೆ ಕಟ್ಟಿದೆನು ಅಂದು,
ಕೋಲಿಗೆ ಹೆಜ್ಜೆ ಕಲಿಸುವೆನು ಇಂದು.

ಶಿವಮೊಗ್ಗೆಯ ಒಂದು ಆಸ್ಪತ್ರೆಯಲ್ಲಿ ಹೇರಂಬ ಎಂಬ ಡಾಕ್ಟರು ಸ್ಕ್ಯಾನ್ ನೋಡಿದರು. ಮೂಳೆಯ ತುದಿಗೆ ಮೆತ್ತಿದ ನುಣುಪಾದ ಮೃದ್ವಸ್ಥಿ ಒಂದು ಕಡೆ ಅಡಕೆ ಹೋಳಿನಷ್ಟು ಎದ್ದುಹೋಗಿದೆಯಂತೆ. ಅದಕ್ಕೆ ರಕ್ತದ ಓಡಾಟವಿಲ್ಲ, ಹಾಗಾಗಿ ತಾನಾಗಿ ಕೂಡುವುದಿಲ್ಲ. ಈಗ ಒಂದು ಜೆಲ್ ಬಂದಿದೆ, ಇನ್ನೂ ಪರೀಕ್ಷೆಯ ಹಂತದಲ್ಲಿ. ಸೂಜಿಯಲ್ಲಿ ಹೋಗುವಾಗ ಗಂಜಿಯ ತಿಳಿ. ಗುಳಿಯೊಳಗೆ ಬಿದ್ದ ಮೇಲೆ ಮೈಯ ಬಿಸಿಗೆ ಹಾಲುಬಾಯಿಯ ಹಾಗೆ ಕಟ್ಟಿಕೊಳ್ಳುತ್ತದೆ. ಬಳ್ಳಿಗೆ ಹಂದರ ಇದ್ದಂತೆ ಅದರ ಮೇಲೆ ನಮ್ಮದೇ ಜೀವಕೋಶ ಹಬ್ಬಿ ಗುಳಿ ತುಂಬಬೇಕು, ಹಂದರ ನಿಧಾನವಾಗಿ ಕರಗಬೇಕು. ಐವತ್ತರ ಒಳಗಿನವರನ್ನು ಆರಿಸುತ್ತಿದ್ದಾರೆ. ಆರಿಸಿದರೆ ನನ್ನ ಪುಣ್ಯ. ಬಿಟ್ಟರೆ ಎರಡು ವರ್ಷದಲ್ಲಿ ನೆಲದ ಮೇಲೆ ಕೂತು ಉಣ್ಣುವುದನ್ನೂ ಮರೆಯಬೇಕು ಎಂದಿದ್ದಾರೆ.

ಇಷ್ಟೇ. ಹೇಳಬೇಕೆನಿಸಿತು. ಹೇಳಿದರೆ ಅರ್ಥವಾಗುವ ಇನ್ನೊಬ್ಬರ ವಿಳಾಸ ನನ್ನ ಬಳಿ ಇಲ್ಲ.

ಕುಂಟುತ್ತ,
ಪೂರ್ಣೇಶ


ಆನಂದಪುರ
3 ಜುಲೈ 2024

ಪೂರ್ಣೇಶ,

ಕಾಗದ ಬಂತು. ನಾವು ಆರಾಮ. ಮಿಕ್ಸಿ, ಫ್ಯಾನು, ಗ್ರೈಂಡರು ರಿಪೇರಿ ಮಾಡುತ್ತೇನೆ. ಕೂತು ಮಾಡುವ ಕೆಲಸ.

ಮೇಳ ಬಿಟ್ಟದ್ದರ ಮಾತು ಬೇಡ. ಬಿಟ್ಟಿದ್ದು ಬಿಟ್ಟಾಯಿತು.

ಜೆಲ್ ಹಾಕಿಸಿಕೋ. ಅದನ್ನು ಎರಡೂ ಕಾಲಿಗೆ ಹಾಕುತ್ತಾರೋ, ಒಂದಕ್ಕೇ ಹಾಕುತ್ತಾರೋ? ಗುಳಿಯಲ್ಲ, ಪೂರಾ ಸವೆದುಹೋದವರಿಗೆ ಆಗುತ್ತದೋ ಇಲ್ಲವೋ? ಸುಮ್ಮನೆ ಕೇಳಿದೆ. ಅಂಗಡಿಗೆ ಬರುವವರು ಕೇಳುತ್ತಿರುತ್ತಾರೆ.

ಪ್ರಾಸ ಇನ್ನೂ ಬಿಟ್ಟಿಲ್ಲವಲ್ಲ ಮಾರಾಯ.

ಗಣೇಶಮೂರ್ತಿ


ತೀರ್ಥಹಳ್ಳಿ
28 ಜುಲೈ 2024

ಗಣೇಶಮೂರ್ತಿ,

ನಿನ್ನ ಅಂಗಡಿಗೆ ಬರುವವರಿಗೆ ಹೇಳು: ಪೂರಾ ಸವೆದವರಿಗೆ ಇದು ಆಗುವುದಿಲ್ಲ. ಸುತ್ತ ಗಟ್ಟಿಯಾದ ಅಂಚು ಇದ್ದರೆ ಮಾತ್ರ ಜೆಲ್ ನಿಲ್ಲುತ್ತದೆ. ಡಾಕ್ಟರನ್ನೇ ಕೇಳಿದೆ.

ಇನ್ನು ನನ್ನ ಸುದ್ದಿ. ಫೇಲಾದೆ. ಕಾರಣ ಕೇಳಿದರೆ ನೀನು ನಗುತ್ತೀಯ: ನನಗೆ ನೋವು ಸಾಲದಂತೆ.

ಶಿಲ್ಪಶ್ರೀ ಎಂದು ಒಬ್ಬ ಫಿಸಿಯೋಥೆರಪಿ ಹುಡುಗಿ. ಎದುರು ಕೂರಿಸಿಕೊಂಡು, ‘ಸೊನ್ನೆ ಅಂದ್ರೆ ನೋವೇ ಇಲ್ಲ, ಹತ್ತು ಅಂದ್ರೆ ತಡ್ಕೊಳ್ಳೋಕೇ ಆಗಲ್ಲ. ನಡೆಯುವಾಗ ಎಷ್ಟು ಸಾರ್?’ ಎಂದಳು.

‘ಎರಡು.’

‘ಮೆಟ್ಲು ಇಳಿಯುವಾಗ?’

‘ಎರಡು.’

‘ರಾತ್ರಿ ಮಲಗಿದಾಗ?’

‘ಅಷ್ಟೆ. ಎರಡು.’

‘ಕೂತು ಏಳುವಾಗ ನಿಮ್ ಹಣೆ ಮೇಲೆ ಬೆವರು ಬಂತಲ್ಲ ಸಾರ್?’

‘ಸೆಖೆ ಮೇಡಂ,’ ಎಂದೆ. ಹೊರಗೆ ಜುಲೈ ಮಳೆ ಧೋ ಎಂದು ಸುರಿಯುತ್ತಿತ್ತು.

ನಾನು ಬೇಕೆಂದು ಹೇಳಿದ್ದಲ್ಲ. ಎದುರು ಒಬ್ಬರು ಕೂತು ನನ್ನನ್ನೇ ನೋಡುತ್ತಿದ್ದರೆ ನನಗೆ ಅದು ರಂಗಸ್ಥಳ. ಗೆಜ್ಜೆ ಕಟ್ಟಿದ ಮೊದಲ ದಿನವೇ ನಮ್ಮ ಗುರುಗಳು ಬೆತ್ತ ತೋರಿಸಿ ಕಲಿಸಿದ್ದು ಇದನ್ನೇ ಅಲ್ಲವೇ, ಮಂಡಿ ಒಡೆದರೂ ಮುಖ ಒಡೆಯಬಾರದು ಎಂದು. ಪರೀಕ್ಷೆಗೆ ಕಡಿಮೆಯೆಂದರೂ ನಾಲ್ಕು ನೋವು ಬೇಕಂತೆ. ‘ಒಂದು ತಿಂಗಳು ಬಿಟ್ಟು ಇನ್ನೊಂದ್ಸಲ ಬನ್ನಿ, ನೋವು ಹೆಚ್ಚಾದ್ರೆ ನೋಡೋಣ’ ಎಂದು ಕಳುಹಿಸಿದಳು. ಹೊರಗೆ ಬಂದು, ಬಸ್ಸಿನ ಮೆಟ್ಟಿಲು ಹತ್ತಲಾಗದೆ ಒಂದು ಬಸ್ಸು ಬಿಟ್ಟೆ.

ಪೂರ್ಣೇಶ
(ನೋವು: ಎರಡು)


ಆನಂದಪುರ
5 ಆಗಸ್ಟ್ 2024

ಪೂರ್ಣೇಶ,

ನಿನಗೆ ಬುದ್ಧಿ ಯಾವಾಗ ಬರುವುದು? ಆಟ ಮುಗಿದು ಚೌಕಿಗೆ ಬಂದ ಮೇಲೆ ಗೆಜ್ಜೆ ಬಿಚ್ಚಲಿಕ್ಕೆ ನೀನು ಬಗ್ಗುತ್ತಿರಲಿಲ್ಲ, ನಾನು ಬಿಚ್ಚುತ್ತಿದ್ದೆ. ಹಲ್ಲು ಕಚ್ಚಿ ಕಚ್ಚಿ ನಿನ್ನ ಬಣ್ಣ ಬಾಯಿಯ ಹತ್ತಿರ ಬಿರುಕು ಬಿಡುತ್ತಿತ್ತು. ಅದು ಎರಡೋ?

ಮತ್ತೆ ಹೋಗು. ಆ ಹುಡುಗಿ ಜನ ಅಲ್ಲ, ಅದು ರಂಗಸ್ಥಳ ಅಲ್ಲ, ಚೌಕಿ ಅಂತ ತಿಳಿದುಕೋ. ಹಾಗೂ ಬಾಯಿ ಬರದಿದ್ದರೆ ನೋವು ಇರುವವನ ಪಾತ್ರ ಮಾಡು. ಪಾತ್ರ ಮಾಡಲಿಕ್ಕೆ ನಿನಗೆ ಹೇಳಿಕೊಡಬೇಕೋ?

ಇಂಥ ಅವಕಾಶ ಎಲ್ಲರಿಗೂ ಇರುವುದಿಲ್ಲ.

ಗಣೇಶಮೂರ್ತಿ


ತೀರ್ಥಹಳ್ಳಿ
30 ಆಗಸ್ಟ್ 2024

ಗಣೇಶಮೂರ್ತಿ,

ನೀನು ಹೇಳಿದ ಹಾಗೆಯೇ ಮಾಡಿದೆ. ಕುರ್ಚಿಯಲ್ಲಿ ಕೂತು, ಮಂಡಿ ನೋವಿನ ಮನುಷ್ಯನೊಬ್ಬನ ಪಾತ್ರ ಎಂದು ಮನಸ್ಸಿನಲ್ಲೇ ಭಾಗವತರಿಗೆ ಕೈ ಮುಗಿದು, ಬಾಯಿ ಬಿಟ್ಟೆ. ‘ಏಳು, ಎಂಟು, ಏಳು’ ಎಂದಿತು ಬಾಯಿ. ಆಮೇಲೆ ನಿಲ್ಲಲೇ ಇಲ್ಲ. ಬಚ್ಚಲಿನಲ್ಲಿ ಬಿದ್ದದ್ದು, ಸಾಮಾನು ತರಲು ಹೋದವನು ದಾರಿಯಲ್ಲಿ ಯಾರದೋ ಕಟ್ಟೆಯ ಮೇಲೆ ಕೂತು ಏಳಲಾಗದೆ ‘ಗಾಳಿ ಚೆನ್ನಾಗಿದೆ’ ಎಂದು ಹೋಗುವವರಿಗೆಲ್ಲ ಹೇಳಿದ್ದು, ಎಲ್ಲ ಹೇಳಿದೆ. ಶಿಲ್ಪಶ್ರೀ ಬರೆಯುವುದು ನಿಲ್ಲಿಸಿ ನೀರು ಕೊಟ್ಟಳು. ಪಾತ್ರ ಚೆನ್ನಾಗಿ ಬಂದಿತ್ತು ಎಂದು ಕಾಣುತ್ತದೆ.

ಆರಿಸಿದ್ದಾರೆ. ಅಕ್ಟೋಬರ್ ಮೊದಲ ವಾರ ಜೆಲ್.

ಒಂದೇ ತೊಡಕು. ಜೆಲ್ ಹಾಕಿದ ಮೇಲೆ ಆರು ವಾರ ಆ ಕಾಲನ್ನು ಊರಬಾರದು. ಊರಿದರೆ ಕಟ್ಟಿಕೊಂಡದ್ದು ಕದಡಿಹೋಗುತ್ತದೆ, ಮತ್ತೆ ಹಾಕುವುದಿಲ್ಲ. ಅದಕ್ಕೆ ಮನೆಯಲ್ಲಿ ಒಬ್ಬರು ಜೊತೆಗಿರಲೇಬೇಕು, ಇಲ್ಲದವರಿಗೆ ಜೆಲ್ ಇಲ್ಲ.

‘ಜೊತೆಗಿರುವವರ ಹೆಸರು ಹೇಳಿ ಸಾರ್,’ ಎಂದಳು. ಪೆನ್ನು ಹಿಡಿದು ಕಾದಳು. ನನಗೆ ಸಾವಿರ ಪದ್ಯ ಬಾಯಿಗೆ ಬರುತ್ತದೆ, ಒಂದು ಹೆಸರು ಬರಲಿಲ್ಲ. ಅಮ್ಮ ಹೋಗಿ ಒಂಬತ್ತು ವರ್ಷ. ಮೇಳದವನಿಗೆ ಹೆಣ್ಣು ಕೊಡುವವರು ಇರಲಿಲ್ಲ, ಕೊಡುವವರು ಬಂದಾಗ ನಾನು ತಿರುಗಾಟದಲ್ಲಿದ್ದೆ.

ನಿನ್ನನ್ನು ಕೇಳುತ್ತಿಲ್ಲ. ಮಾಹಿತಿಗಾಗಿ ತಿಳಿಸಿದೆ.

ಪೂರ್ಣೇಶ


ಆನಂದಪುರ
9 ಸೆಪ್ಟೆಂಬರ್ 2024

ಪೂರ್ಣೇಶ,

ನೀನು ಕೇಳಲಿಲ್ಲ, ಆದರೂ ಉತ್ತರ ಬರೆಯುತ್ತೇನೆ. ನನಗೆ ಬರಲಿಕ್ಕೆ ಆಗುವುದಿಲ್ಲ. ಅಂಗಡಿ ಇದೆ. ದಸರಾ, ದೀಪಾವಳಿ ಎಂದು ಜನ ಗ್ರೈಂಡರು ತಂದು ರಾಶಿ ಹಾಕುತ್ತಾರೆ. ಸರೋಜ ‘ಹೋಗ್ ಬನ್ನಿ, ಅಂಗ್ಡಿ ಎಲ್ಲಿಗ್ ಓಡ್ಹೋಗ್ತದೆ?’ ಅಂತಾಳೆ. ಅವಳಿಗೆ ಹೇಳುವುದು ಸುಲಭ.

ಬೇರೆ ಯಾರನ್ನಾದರೂ ನೋಡು. ಜೆಲ್ ಮಾತ್ರ ಬಿಡಬೇಡ.

ಗಣೇಶಮೂರ್ತಿ


ತೀರ್ಥಹಳ್ಳಿ
22 ಅಕ್ಟೋಬರ್ 2024

ಗಣೇಶಮೂರ್ತಿ,

ನೀನು ಈಗ ನನ್ನ ಮನೆಯಲ್ಲಿದ್ದೀಯ. ಗಾಬರಿಯಾಗಬೇಡ, ಕೂತುಕೊಂಡು ಓದು.

ಜೆಲ್ ಹಾಕಿದರು. ಸೊಂಟದ ಕೆಳಗೆ ಮರಗಟ್ಟಿಸಿ, ಸಣ್ಣ ತೂತಿನಿಂದ ಒಳಗೆ ಕ್ಯಾಮೆರಾ ಬಿಟ್ಟು, ಗುಳಿಯನ್ನು ಕೆರೆದು ಚೊಕ್ಕ ಮಾಡಿ, ಸೂಜಿಯಲ್ಲಿ ಬಿಟ್ಟರು. ಪರದೆಯ ಮೇಲೆ ನಾನೂ ನೋಡಿದೆ. ಬೆಳದಿಂಗಳಲ್ಲಿ ಪಾತ್ರೆಗೆ ಮಜ್ಜಿಗೆ ಹೊಯ್ದ ಹಾಗಿತ್ತು.

ಜೊತೆಗಿರುವವರ ಹೆಸರು ಎಂದಾಗ ನಾನು ನಿನ್ನ ಹೆಸರು ಬರೆಸಿದೆ. ಬೇರೆ ಯಾರನ್ನಾದರೂ ನೋಡು ಎಂದೆಯಲ್ಲ, ನೋಡಿದೆ, ಸಿಗಲಿಲ್ಲ. ಬಿಡುಗಡೆಯ ದಿನ ‘ಕಾರು ತರಲು ಹೋಗಿದ್ದಾರೆ’ ಎಂದೆ. ಮನೆಗೆ ಬಂದೆ. ಅಲ್ಲಿಯವರೆಗೆ ಸರಿ. ಆದರೆ ಆ ಹುಡುಗಿ ವಾರಕ್ಕೊಮ್ಮೆ ಫೋನ್ ಮಾಡಿ, ನನ್ನ ಹತ್ತಿರ ಮಾತಾಡಿದ ಮೇಲೆ ಜೊತೆಗಿರುವವರಿಗೆ ಕೊಡಿ ಎನ್ನುತ್ತಾಳೆ! ನಾನೇನು ಮಾಡಲಿ? ಫೋನನ್ನು ಬಲಗಿವಿಯಿಂದ ಎಡಗಿವಿಗೆ ಬದಲಿಸಿ, ಮೂಗಿನಿಂದ ನಿನ್ನ ದನಿ ತೆಗೆದೆ.

‘ಹಲೋ, ಯಾರು ಗಣೇಶಮೂರ್ತಿಯವರಾ? ಪೇಶಂಟ್ ಕಾಲು ಊರ್ತಿದಾರಾ?’

‘ಊರೋಕ್ ಬಿಡ್ತೀನಾ ಮೇಡಂ? ಮಹಾ ಹಟಮಾರಿ. ಬಚ್ಚಲಿಗೂ ನಾನೇ ಹಿಡ್ಕಂಡ್ ಹೋಗ್ತೀನಿ.’

‘ಒಳ್ಳೆ ಫ್ರೆಂಡ್ ಸಾರ್ ನೀವು.’

‘ಏನ್ ಮಾಡೋದು, ನಾನ್ ಬಿಟ್ರೆ ಅವ್ನಿಗೆ ಯಾರಿದಾರೆ?’

ಈ ಕೊನೆಯ ಮಾತನ್ನು ನಾನು ಯೋಚಿಸಿ ಆಡಿದ್ದಲ್ಲ. ನಿನ್ನ ದನಿ ತಾನಾಗಿಯೇ ಆಡಿಬಿಟ್ಟಿತು.

ಮನೆಯೊಡತಿ ಕನ್ನಮ್ಮ ಗೋಡೆಯಾಚೆಯಿಂದ ಕೇಳಿಸಿಕೊಂಡಿದ್ದಾರೆ. ‘ನೆಂಟ್ರು ಬಂದಿದಾರೆ ಅಂತ ಒಂದ್ ಮಾತು ಹೇಳ್ಬಾರ್ದನಾ?’ ಎಂದು ಬಾಗಿಲಲ್ಲೇ ಗದರಿ, ಅಂದಿನಿಂದ ಇಬ್ಬರಿಗಾಗುವಷ್ಟು ಕಡುಬು ಇಟ್ಟು ಹೋಗುತ್ತಾರೆ. ನಿನ್ನ ಪಾಲಿನದನ್ನೂ ನಾನೇ ತಿಂದೆ. ಚೆನ್ನಾಗಿತ್ತು.

ಈಗ ಫೋನ್ ಬರದಿದ್ದಾಗಲೂ ನೀನು ಒಮ್ಮೊಮ್ಮೆ ಮಾತಾಡುತ್ತೀಯ. ‘ಮಾತ್ರೆ ತಗಂಡ್ಯಾ?’ ಎನ್ನುತ್ತೀಯ. ‘ತಗಂಡೆ’ ಎನ್ನುತ್ತೇನೆ. ಆಮೇಲೆ ಇಬ್ಬರೂ ಸುಮ್ಮನಾಗುತ್ತೇವೆ. ಒಬ್ಬನೇ ಸುಮ್ಮನಿರುವುದಕ್ಕಿಂತ ಅದು ವಾಸಿ.

ನಿನ್ನ ಋಣಿಯೂ ನಿನ್ನ ವೇಷಧಾರಿಯೂ ಆದ,
ಪೂರ್ಣೇಶ


ಆನಂದಪುರ
29 ಅಕ್ಟೋಬರ್ 2024

ಪೂರ್ಣೇಶ,

ಓದಿ ಸರೋಜ ನಕ್ಕಳು, ಆಮೇಲೆ ಒಳಗೆ ಹೋಗಿ ಮೂಗು ಒರೆಸಿಕೊಂಡಳು. ನನಗೆ ಬೈದಳು.

ನಿನ್ನ ಪಾತ್ರ ಸರಿಯಿಲ್ಲ. ನನ್ನನ್ನು ತುಂಬ ಒಳ್ಳೆಯವನನ್ನಾಗಿ ಮಾಡಿದ್ದೀಯ. ನಾನು ಮೇಡಂ ಅನ್ನುವುದಿಲ್ಲ, ‘ಅಕ್ಕಾ’ ಅನ್ನುತ್ತೇನೆ, ಚಿಕ್ಕವರಾದರೂ. ಮುಂದಿನ ಸಲ ಅವರು ಕೇಳಿದರೆ ಹೀಗೆ ಹೇಳು: ‘ಅಕ್ಕಾ, ಇವನ ಮಾತು ನಂಬಬೇಡಿ. ಎರಡು ಅಂದ್ರೆ ಏಳು ಅಂತ ಬರ್ಕಳಿ.’ ಅದು ನನ್ನ ಮಾತು.

ಇನ್ನೊಂದು. ಬಚ್ಚಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಇಟ್ಟುಕೋ, ಅದರ ಕಾಲುಗಳಿಗೆ ಹಳೇ ಟ್ಯೂಬ್ ಕಟ್ಟು, ಜಾರುವುದಿಲ್ಲ. ಏಳುವಾಗ ಮೊದಲು ಸೊಂಟವನ್ನು ಕುರ್ಚಿಯ ಅಂಚಿಗೆ ತಾ, ಆಮೇಲೆ ಕೈ ಊರು, ಉಸಿರು ಬಿಡುತ್ತ ಏಳು. ಉಸಿರು ಹಿಡಿದರೆ ಮಂಡಿ ಹೆಚ್ಚು ಹಿಡಿಯುತ್ತದೆ. ರಾತ್ರಿ ಮಂಡಿಯ ಕೆಳಗೆ ದಿಂಬು ಬೇಡ, ಹಿಮ್ಮಡಿಯ ಕೆಳಗೆ ಇಡು. ನಾನು ಅಲ್ಲಿದ್ದರೆ ಇಷ್ಟು ಹೇಳುತ್ತಿದ್ದೆ. ನನ್ನ ದನಿಯಲ್ಲಿ ನೀನೇ ಹೇಳಿಕೋ.

ಗಣೇಶಮೂರ್ತಿ


ತೀರ್ಥಹಳ್ಳಿ
6 ನವೆಂಬರ್ 2024

ಗಣೇಶಮೂರ್ತಿ,

‘ಅಕ್ಕಾ’ ಕೆಲಸ ಮಾಡಿತು. ಶಿಲ್ಪಶ್ರೀ ನಕ್ಕು, ನಿನಗೇ ನೇರವಾಗಿ ಹೇಳಿದಳು: ಹದಿನೆಂಟನೇ ತಾರೀಕು ಸೋಮವಾರ ಸ್ಕ್ಯಾನ್. ಮುಂದಿನ ವ್ಯಾಯಾಮವನ್ನು ಜೊತೆಗಿರುವವರಿಗೂ ಕಲಿಸಬೇಕು, ಅವರೂ ಬರಲೇಬೇಕು.

‘ಬರ್ತೀನಿ ಅಕ್ಕಾ,’ ಎಂದೆ ನಾನು. ಅಂದರೆ, ನೀನು.

ಇದೊಂದನ್ನು ನಾನು ಕಟ್ಟಿ ತೋರಿಸಲಾರೆ. ಈ ಸಲ ಕೇಳುತ್ತಿದ್ದೇನೆ, ಮಾಹಿತಿಗಾಗಿ ಅಲ್ಲ. ಬಾ.

ಪೂರ್ಣೇಶ


ತೀರ್ಥಹಳ್ಳಿ
8 ಡಿಸೆಂಬರ್ 2024

ಗಣೇಶಮೂರ್ತಿ,

ಈ ಕಾಗದ ಬರೆಯುವುದಕ್ಕೆ ಇಷ್ಟು ದಿನ ಹಿಡಿದದ್ದು ಸಿಟ್ಟಿನಿಂದ. ಅಂಚೆ ಡಬ್ಬದವರೆಗೆ ನಡೆದರೂ ಇಳಿಯದ ಸಿಟ್ಟು.

ನಾನು ಊರುಗೋಲಿನಲ್ಲಿ ಆಸ್ಪತ್ರೆಯ ಬಾಗಿಲು ದಾಟುವಾಗ ನೀನು ಆಗಲೇ ಬೆಂಚಿನ ಮೇಲೆ ಕೂತಿದ್ದೆ. ಕೂದಲು ನೆರೆತಿತ್ತು. ಏಳು ವರ್ಷದ ಮೇಲೆ ಕಂಡವನು ಎದ್ದು ಬರಬಹುದು ಎಂದುಕೊಂಡೆ. ನೀನು ಏಳಲಿಲ್ಲ.

‘ಬಂದ್ಯಾ?’ ಎಂದೆ ನೀನು.

‘ಬಂದೆ,’ ಎಂದೆ ನಾನು. ಇದಕ್ಕೆ ಇಷ್ಟು ಕಾಗದ ಬರೆದೆವು.

ಶಿಲ್ಪಶ್ರೀ ಬಂದು, ‘ನೀವೇನಾ ಸಾರ್? ಫೋನಲ್ಲಿ ಅಷ್ಟು ಮಾತಾಡ್ತಿದ್ರಿ!’ ಎಂದಾಗ ನೀನು ‘ಎದ್ರುಗಡೆ ನಂಗೆ ಮಾತು ಕಮ್ಮಿ ಅಕ್ಕಾ’ ಎಂದು ನನ್ನ ಮಾನ ಉಳಿಸಿದೆ. ಡಾಕ್ಟರು ಸ್ಕ್ಯಾನ್ ತೋರಿಸಿದರು. ಗುಳಿಯಿದ್ದಲ್ಲಿ ಮಸುಕಾಗಿ, ಆದರೆ ಅಂಚಿನಿಂದ ಅಂಚಿಗೆ, ತುಂಬಿತ್ತು. ‘ಇನ್ನೂ ಎಳಸು. ಆದ್ರೂ ಹಿಡ್ಕೊಂಡಿದೆ. ನಡೀರಿ, ಮೆಟ್ಲು ಹತ್ತಿ, ನೆಲದ ಮೇಲೆ ಕೂತು ಉಣ್ಣಿ. ಮಂಡಿಯಲ್ಲಿ ಸುತ್ತೋದು ಮಾತ್ರ ಮರ್ತುಬಿಡಿ’ ಎಂದರು. ನಾನು ನಿನ್ನ ಮುಖ ನೋಡಿದೆ. ನೀನು ಕಿಟಕಿ ನೋಡುತ್ತಿದ್ದೆ.

ಆಮೇಲೆ ಮತ್ತೆ ಬೆಂಚಿನ ಮೇಲೆ ಕೂತ ನಿನಗೆ ‘ಮನೆಗೆ ಬಾ’ ಎಂದೆ ನಾನು. ‘ಬಸ್ಸಿಗೆ ಹೊತ್ತಾಯ್ತು’ ಎಂದೆ ನೀನು. ಬಾಗಿಲವರೆಗಾದರೂ ಬಾ ಎಂದರೆ, ‘ನೀನ್ ಮುಂದೆ ನಡಿ, ನಾ ಬರ್ತೀನಿ’ ಎಂದು ಬೆಂಚಿನ ಮೇಲೆಯೇ ಉಳಿದೆ. ನಾನು ಬಾಡಿಗೆ ಕಾರಿನಲ್ಲಿ ಕೂತು ಕಾದೆ, ನೀನು ಹೊರಗೆ ಬರಲಿಲ್ಲ. ಕಾಯಲಾರೆ ಎಂದು ಡ್ರೈವರ್ ಹೊರಟುಬಿಟ್ಟ.

ಅಂದು ಮನೆಗೆ ಬಂದು ಗೋಡೆಗೆ ಮುಖ ಮಾಡಿ ‘ಮಾತ್ರೆ ತಗಂಡ್ಯಾ?’ ಎಂದು ನೋಡಿದೆ. ನನ್ನ ದನಿಯೇ ಬಂತು. ಮೂಗು ಒತ್ತಿ ನೋಡಿದೆ, ಗಂಟಲು ಸರಿಮಾಡಿ ನೋಡಿದೆ. ನಿಜವಾದ ನಿನ್ನ ದನಿ ಕೇಳಿದ ಮೇಲೆ ನಾನು ಮಾಡುವುದು ನೀನಲ್ಲ ಎಂದು ನನ್ನ ಕಿವಿಗೇ ಗೊತ್ತಾಗಿಬಿಟ್ಟಿತ್ತು. ಕನ್ನಮ್ಮ ‘ನೆಂಟ್ರು ಹೋದ್ರಾ?’ ಎಂದರು. ಹೋದರು ಎಂದೆ. ಮಾರನೆಯ ದಿನದಿಂದ ಒಬ್ಬನ ಕಡುಬು. ಮನೆ ಇಷ್ಟು ಖಾಲಿ ಎಂದು ನೀನು ಬಂದು ಇದ್ದು ಹೋಗುವವರೆಗೂ ನನಗೆ ತಿಳಿದಿರಲಿಲ್ಲ. ಬಾರದೆಯೇ ಇದ್ದು ಹೋದೆಯಲ್ಲ, ಅದನ್ನು ಹೇಳುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಶಿಲ್ಪಶ್ರೀ ಹೇಳಿದ ವ್ಯಾಯಾಮ ಮಾಡುತ್ತಿದ್ದೆ. ಕೈ ಊರದೆ ಕುರ್ಚಿಯಿಂದ ಏಳುವುದು. ಹಳೆಯ ಅಭ್ಯಾಸಕ್ಕೆ ಕೈ ಊರಿದೆ: ಒಂದು ಕೈ ಕುರ್ಚಿಗೆ, ಒಂದು ಕೈ ತೊಡೆಗೆ, ಸೊಂಟ ಅಂಚಿಗೆ, ಉಸಿರು ಬಿಡುತ್ತ, ಮುಖದಲ್ಲಿ ಒಂದು ನಗು. ಅರ್ಧ ಎದ್ದವನು ಹಾಗೆಯೇ ನಿಂತೆ. ಡಾಕ್ಟರು ಒಳಗೆ ಕರೆದಾಗ ನೀನು ಬೆಂಚಿನಿಂದ ಎದ್ದದ್ದು ಹೀಗೆಯೇ. ಆ ನಗು ನನ್ನನ್ನು ಕಂಡು ಬಂದದ್ದು ಎಂದುಕೊಂಡಿದ್ದೆ. ಅದು ನಮ್ಮ ಗುರುಗಳು ಕಲಿಸಿದ ನಗು.

ಗಣೇಶ, ನನಗೆ ಒಂದೇ ಮಂಡಿಯಲ್ಲಿ ಗುಳಿ. ನಿನಗೆ ಎರಡರಲ್ಲೂ ಅಂಚೇ ಉಳಿದಿಲ್ಲ, ಅಲ್ಲವೇ? ಅಂಗಡಿಯೂ ಅಲ್ಲ, ಗ್ರೈಂಡರೂ ಅಲ್ಲ. ನಮ್ಮ ಮನೆಯ ಏರು ಹತ್ತಲಾರದವನು ನನ್ನನ್ನು ಹಿಡಿದುಕೊಂಡು ಬಚ್ಚಲಿಗೆ ಹೇಗೆ ಹೋಗುತ್ತಿದ್ದೆ? ನಾನು ಮುಂದೆ ನಡೆದರೆ ನೀನು ನಡೆಯುವುದು ಕಾಣುವುದಿಲ್ಲ, ಅದಕ್ಕೇ ‘ಮುಂದೆ ನಡಿ’ ಎಂದೆ. ಹೊಸನಗರದಲ್ಲಿ ಹೇಳದೆ ಮೇಳ ಬಿಟ್ಟದ್ದೂ ಇದನ್ನು ಮುಚ್ಚಲಿಕ್ಕೇ ಇರಬೇಕು. ಆ ರಾತ್ರಿ ನನ್ನ ಗೆಜ್ಜೆ ಬಿಚ್ಚಲು ನೀನು ಬಗ್ಗಿದೆ. ನಿನ್ನದನ್ನು ಯಾರು ಬಿಚ್ಚಿದರು ಎಂದು ನಾನು ತಿರುಗಿ ನೋಡಲಿಲ್ಲ.

ಎಷ್ಟು ನೋವು ಎಂದು ಕೇಳುವುದಿಲ್ಲ. ನಿನ್ನ ಉತ್ತರ ನನಗೆ ಗೊತ್ತು.

ಗುರುವಾರ ಬೆಳಗಿನ ಬಸ್ಸಿಗೆ ಹೊರಟು, ಹೊಸನಗರದಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನದ ಊಟಕ್ಕೆ ಆನಂದಪುರ ತಲುಪುತ್ತೇನೆ. ಬಸ್ಸಿನ ಮೆಟ್ಟಿಲು ಈಗ ಹತ್ತಬಲ್ಲೆ. ಸರೋಜಳಿಗೆ ಹೇಳು, ನಾನು ನೆಲದ ಮೇಲೆಯೇ ಕೂತು ಉಣ್ಣುತ್ತೇನೆ. ನಿನಗೆ ಕುರ್ಚಿ ಹಾಕಲಿ, ನಾಚಿಕೆ ಬೇಡ.

ಬಾಗಿಲು ತಟ್ಟುತ್ತೇನೆ. ಏಳಬೇಡ. ಕೂತಲ್ಲಿಂದಲೇ ‘ಬಾ’ ಎನ್ನು, ಕೇಳಿಸುತ್ತದೆ.

ಪೂರ್ಣೇಶ